ಅಜ್ಜಿಯನ್ನು ಮೊದಲು ಓದಿದವಳು ನಾನು

ಆರನೇ ಕ್ಲಾಸಿನಲ್ಲಿದ್ದಾಗ ನನ್ನ ಕೈಯಲ್ಲಿ ಒಂದು ಅಧಿಕಾರವಿತ್ತು. ಕಾಪುವಿನ ನಮ್ಮ ಶಾಲೆಯಲ್ಲಿ ಯಾರು ಯಾವ ಕತೆಪುಸ್ತಕ ಓದಬೇಕು ಎಂದು ತೀರ್ಮಾನಿಸುತ್ತಿದ್ದವಳು ನಾನು. ನನ್ನ ಸೋದರಮಾವ ಮಣಿಪಾಲದ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಅಲ್ಲಿ ಮಕ್ಕಳಿಗಾಗಿ ತೆಳುವಾದ, ಹಳದಿ ರಟ್ಟಿನ ಒಂದು ಪುಸ್ತಕಮಾಲೆ ಅಚ್ಚಾಗುತ್ತಿತ್ತು. ಶಾಯಿ ಮೆತ್ತಿದ, ಪುಟ ತಲೆಕೆಳಗಾದ ಪ್ರತಿಗಳನ್ನು ಮಾವ ಬಸ್ಸಿನವರ ಕೈಯಲ್ಲಿ ನನಗೆ ಕಳಿಸುತ್ತಿದ್ದರು. ಅಪ್ಪ ಕಾಪು ಪೇಟೆಯಲ್ಲಿ ಬಸ್ಸಿನ ಏಜೆಂಟರಾಗಿದ್ದುದರಿಂದ ಕಟ್ಟು ಬಸ್ಸಿನಿಂದ ಇಳಿದ ಕೂಡಲೇ ನನಗೆ ಸಿಗುತ್ತಿತ್ತು. ಉಡುಪಿಯ ಅಂಗಡಿಗಳಲ್ಲಿ ಆ ಪುಸ್ತಕ ಕಾಣಿಸುವ ಮೊದಲೇ ನಾನು ಅದನ್ನು ಓದಿ ಮುಗಿಸಿರುತ್ತಿದ್ದೆ.

ಅವು ಒಬ್ಬ ಅಜ್ಜಿಯ ಕತೆಗಳು. ಅಜ್ಜಿಯನ್ನು ಕರೆದೊಯ್ಯಲು ಯಮಲೋಕದಿಂದ ಒಬ್ಬ ದೂತ ಬರುತ್ತಾನೆ. ಕೆಲಸಕ್ಕೆ ಹೊಸಬ, ದಾರಿ ಗೊತ್ತಿಲ್ಲ, ಕೋಣನ ಮೇಲೆ ಕೂತು ಕೂತು ಸೊಂಟನೋವು ಬೇರೆ. ಅಜ್ಜಿ ಅವನನ್ನು ಕೂರಿಸಿ ಬಾವಿಯಿಂದ ನೀರು ಸೇದಿಸುತ್ತಾಳೆ, ಉದ್ದು ರುಬ್ಬಿಸುತ್ತಾಳೆ. ಅಷ್ಟರಲ್ಲಿ ಗಳಿಗೆ ಮೀರುತ್ತದೆ. ಬರಿಗೈಯಲ್ಲಿ ಹೋದರೆ ಅವನಿಗೆ ಬೈಗುಳ ತಪ್ಪದು. ಆದ್ದರಿಂದ ಅಜ್ಜಿಯೇ ಅವನ ಮೇಲೆ ಕನಿಕರಪಟ್ಟು, ಹಾಲಿಗೆ ನೀರು ಬೆರೆಸುವ ಪಕ್ಕದ ಮನೆಯವನನ್ನು ತೋರಿಸಿಕೊಡುತ್ತಾಳೆ. ಪ್ರತಿ ಪುಸ್ತಕದಲ್ಲೂ ಕೊನೆಗೆ ಯಾರಾದರೊಬ್ಬರು ಸಾಯುತ್ತಾರೆ, ಅಜ್ಜಿ ಮಾತ್ರ ಉಳಿಯುತ್ತಾಳೆ. ಎರಡನೆಯದರಲ್ಲಿ ಊರ ಪಂಡಿತರ ಕಷಾಯವನ್ನು ದೂತನೇ ಶೀತಕ್ಕೆಂದು ಕುಡಿದು, ‘ನಮ್ಮಲ್ಲಿ ಇಷ್ಟು ಜನ ಯಾಕೆ ಬರುತ್ತಾರೆ ಎಂದು ಈಗ ತಿಳಿಯಿತು’ ಎನ್ನುತ್ತಾನೆ. ಐದನೆಯದರಲ್ಲಿ ಅಜ್ಜಿ ತನ್ನ ಉತ್ತರಕ್ರಿಯೆಯ ಬೊಜ್ಜದೂಟವನ್ನು ತಾನು ಬದುಕಿರುವಾಗಲೇ ಮಾಡಿಸಿ, ಚಾಪೆಯ ಮೇಲೆ ಸತ್ತಂತೆ ಮಲಗಿ, ಬಂದವರು ಏನು ಹೇಳುತ್ತಾರೆ ಎಂದು ಕೇಳಿಸಿಕೊಳ್ಳುತ್ತಾಳೆ. ಅವಳನ್ನು ಬಾಯಿತುಂಬಾ ಹೊಗಳಿದ ನೆಂಟನೊಬ್ಬನ ಗಂಟಲಿಗೆ ವಡೆ ಸಿಕ್ಕಿಹಾಕಿಕೊಳ್ಳುತ್ತದೆ. ಅಜ್ಜಿ ಎದ್ದು ಕೂತು, ‘ಪಾಯಸಕ್ಕೆ ಬೆಲ್ಲ ಕಮ್ಮಿ’ ಎನ್ನುತ್ತಾಳೆ.

ಇವನ್ನು ನಾನು ಕ್ಲಾಸಿನವರಿಗೆ ಶಿಫಾರಸು ಮಾಡುತ್ತಿದ್ದ ಕ್ರಮವೇ ಬೇರೆ. ಹೆದರುಪುಕ್ಕಲರಿಗೆ ಮೂರನೆಯದು, ಏಕೆಂದರೆ ಅದರಲ್ಲಿ ಸಾಯುವುದು ಒಂದು ಹುಂಜ. ಜಂಬದವರಿಗೆ ಎರಡನೆಯದು. ಐದನೆಯದನ್ನು ಮಾತ್ರ ಸುಲಭಕ್ಕೆ ಕೊಡುತ್ತಿರಲಿಲ್ಲ. ಅದಕ್ಕೆ ಯೋಗ್ಯತೆ ಬೇಕು ಎಂದು ಹೇಳುತ್ತಿದ್ದೆ. ಹುಡುಗಿಯರು ಬುತ್ತಿಯ ಉಪ್ಪಿನಕಾಯಿ ನನಗೂ ಕೊಟ್ಟು ನನ್ನ ಮರ್ಜಿ ಕಾಯುತ್ತಿದ್ದರು.

ಆಗ ಉದ್ಯಾವರದ ಹುಡುಗಿ ಬಂದಳು.

ವರ್ಷದ ನಡುವೆ ಬಂದು ಸೇರಿದವಳು. ಅವಳ ತಾಯಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ಮಣಿಪಾಲದಲ್ಲಿ ಹೊಸದಾಗಿ ಆದ ಆಸ್ಪತ್ರೆಗೆ ಸೇರಿಸಿದ್ದರು. ತಂದೆ ಬೊಂಬಾಯಿಯಲ್ಲಿ ಹಡಗಿನ ಕೆಲಸದಲ್ಲಿದ್ದರು. ಹಾಗಾಗಿ ಕಾಪುವಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಅವಳನ್ನು ಕಳಿಸಿದ್ದರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಮೊದಲ ದಿನ ನಾವು ಕಂಡದ್ದು ಎತ್ತರದ, ಕೊಂಕಣಿ ಮನೆಮಾತಿನ ಒಬ್ಬ ಕ್ರಿಶ್ಚಿಯನ್ ಹುಡುಗಿಯನ್ನು. ಚಿಕ್ಕಮ್ಮನ ಮನೆಯವರು ಮಲ್ಲಿಗೆ ಬೆಳೆಯುತ್ತಿದ್ದರು. ಅವಳು ಬೆಳಿಗ್ಗೆ ಮೊಗ್ಗು ಕೊಯ್ದೇ ಶಾಲೆಗೆ ಬರುತ್ತಿದ್ದುದರಿಂದ, ಅವಳು ಕೈ ಎತ್ತಿದರೆ ಬೆಂಚಿನಾಚೆಗೂ ಪರಿಮಳ ಬರುತ್ತಿತ್ತು. ನನ್ನ ಹೊಟ್ಟೆಕಿಚ್ಚು ಆ ಪರಿಮಳದಿಂದಲೇ ಶುರುವಾಯಿತು ಎನ್ನಬೇಕು. ನನ್ನ ಕೈಗೆ ದೀಪದ ಸೀಮೆಎಣ್ಣೆಯ ವಾಸನೆ.

ಹೊಸಬಳೆಂದು ಅವಳಿಗೆ ಹುಂಜದ ಪುಸ್ತಕ ಕೊಟ್ಟೆ. ಮರುದಿನ ತಂದುಕೊಟ್ಟಳು.

“ಹುಂಜ ಸತ್ತದ್ದಕ್ಕೆ ನಗು ಬರ್ಲಿಲ್ಲ,” ಎಂದಳು. “ಹುಂಜ ಸತ್ತ ಮೇಲೆ ಊರಿಗೆ ಬೆಳಗಾಗುವುದೇ ಇಲ್ಲ ಅಂತ ದೂತ ಸುಳ್ಳು ಹೇಳ್ತಾನಲ್ಲ, ಅಲ್ಲಿ ನಗು ಬಂತು. ಬೇರೆ ಉಂಟಾ?”

ವಾರ ಕಳೆಯುವುದರೊಳಗೆ ಅವಳು ಎಲ್ಲವನ್ನೂ ಓದಿದಳು. ಐದನೆಯದಕ್ಕೆ ಯೋಗ್ಯತೆ ಬೇಕು ಎಂದು ನಾನು ಹೇಳುವಷ್ಟರಲ್ಲಿ, ನನ್ನಿಂದ ಕಷ್ಟಪಟ್ಟು ಪಡೆದಿದ್ದ ಇನ್ನೊಬ್ಬ ಹುಡುಗಿಯಿಂದಲೇ ಅದು ಅವಳ ಕೈಗೆ ಹೋಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯ ಜಗಲಿಯಲ್ಲಿ ಅವಳು ಅದನ್ನು ಗಟ್ಟಿಯಾಗಿ ಓದತೊಡಗಿದಳು. ದೂತನಿಗೆ ಒಂದು ಸ್ವರ: ಮೂಗಿನಲ್ಲಿ, ತಪ್ಪು ಮಾಡಿದ ಗುಮಾಸ್ತನ ಹಾಗೆ. ಅಜ್ಜಿಗೆ ಇನ್ನೊಂದು: ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡ ಹಾಗೆ. ಕೋಣನಿಗೂ ಒಂದು ಸ್ವರ ಕೊಟ್ಟಳು. ಪುಸ್ತಕದಲ್ಲಿ ಕೋಣ ಮಾತಾಡುವುದೇ ಇಲ್ಲ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಪುಸ್ತಕವನ್ನು ನನ್ನಿಂದ ತೆಗೆದುಕೊಂಡು ಓದಿದವರೇ ಅವರೆಲ್ಲ. ಆಗ ಅಷ್ಟು ನಕ್ಕಿರಲಿಲ್ಲ.

“ಕೋಣ ಮಾತಾಡುವುದಿಲ್ಲ,” ಎಂದೆ ನಾನು.

“ಪುಸ್ತಕದಲ್ಲಿ ಇಲ್ಲ ಮಾರಾಯ್ತಿ,” ಎಂದಳು ಅವಳು, ಸ್ವಲ್ಪವೂ ಕೋಪವಿಲ್ಲದೆ. “ಆದ್ರೆ ಅದಕ್ಕೂ ಹೇಳ್ಲಿಕ್ಕೆ ಉಂಟಲ್ವಾ?”

ಅಂದಿನಿಂದ ಯಾವುದನ್ನು ಓದಲಿ ಎಂದು ಎಲ್ಲರೂ ಅವಳನ್ನೇ ಕೇಳತೊಡಗಿದರು. ಎಲ್ಲರಿಗೂ ಅವಳದ್ದು ಒಂದೇ ಉತ್ತರ: “ಐದನೆಯದರಿಂದ ಶುರು ಮಾಡಿ.” ನಾನು ಬೀಗ ಹಾಕಿ ಕಾದಿದ್ದ ಪುಸ್ತಕ ಮಳೆಗಾಲದ ಕೊಡೆಯ ಹಾಗೆ ಕೈಯಿಂದ ಕೈಗೆ ದಾಟಿತು. ಪುಸ್ತಕ ನನ್ನದು, ಶಾಯಿ ಮೆತ್ತಿದ ಪುಟಗಳನ್ನು ಬೆಳಕಿಗೆ ಹಿಡಿದು ಓದುವ ಉಪಾಯ ಹೇಳಿಕೊಟ್ಟವಳೂ ನಾನು. ಆದರೂ ನನಗೆ ಆ ಜಗಲಿಯ ಕೊನೆಯಲ್ಲಿ ಮಾತ್ರ ಜಾಗ ಸಿಗುತ್ತಿತ್ತು.

ಗೌರಿಹಬ್ಬದ ರಜೆಗೆ ಮಾವ ಬಂದಾಗ ಅವಳು ಒಂದು ಪುಸ್ತಕ ಹಿಂತಿರುಗಿಸಲು ನಮ್ಮ ಮನೆಗೆ ಬಂದಿದ್ದಳು. ಮಾವ ಸುಮ್ಮನೆ, “ಎಲ್ಲಿ, ಒಂದು ಪುಟ ಓದು ನೋಡುವಾ,” ಎಂದರು. ಅವಳು ಓದಿದಳು. ಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಈ ಸಾಲಿನ ಅಕ್ಷರ ಅಕ್ಷರ ಜೋಡಿಸಿದವನು ನಾನು. ಆಗ ನನಗೆ ನಗು ಬಂದಿರ್ಲಿಲ್ಲ ಮಗಾ,” ಎಂದರು. ಅಮ್ಮ ಎಂದೂ ಕತೆಪುಸ್ತಕಕ್ಕೆ ಕಿವಿಗೊಟ್ಟವಳಲ್ಲ. ಅವಳು ಒಳಗಿನಿಂದ ಬಂದು, “ಎಷ್ಟು ಚಂದದ ಕನ್ನಡ ಅವಳದ್ದು, ಕೇಳು ನೀನು,” ಎಂದು ನನಗೆ ಹೇಳಿ ಅವಳಿಗೆ ಹೆಚ್ಚಿನ ಒಂದು ಉಂಡೆ ಕೊಟ್ಟಳು. ನನ್ನ ಮಾವ, ನನ್ನ ಅಮ್ಮ, ನಮ್ಮ ಮನೆಯ ಎಳ್ಳುಂಡೆ! ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ಯಾರೂ ಕರೆಯಲು ಬರಲಿಲ್ಲ.

ಆಮೇಲೆ ಶಾಲೆಯಲ್ಲಿ ಐದನೆಯ ಪುಸ್ತಕದ ಆಟ ಶುರುವಾಯಿತು. ಒಬ್ಬಳು ಬೆಂಚಿನ ಮೇಲೆ ಅಜ್ಜಿಯಾಗಿ ಮಲಗುವುದು, ಉಳಿದವರು ಸುತ್ತ ನಿಂತು ಅಳುತ್ತ ಹೊಗಳುವುದು. ಯಾರ ಹೊಗಳಿಕೆ ಕೇಳಿ ‘ಅಜ್ಜಿ’ಗೆ ನಗು ತಡೆಯಲಾಗುವುದಿಲ್ಲವೋ ಅವರು ಗೆದ್ದಂತೆ. ಒಂದು ದಿನ ಯಾರೋ ಮೂಗಿಗೆ ಹತ್ತಿ ಬೇರೆ ಇಟ್ಟು, ಬಿಳಿ ಬೈರಾಸು ಹೊದಿಸಿಬಿಟ್ಟರು. ಅದೇ ಹೊತ್ತಿಗೆ ಹೆಡ್ಮಾಸ್ತರರು ಬಾಗಿಲಿಗೆ ಬಂದರು. ಅಳುವ ಮಕ್ಕಳು, ಬೆಂಚಿನ ಮೇಲೆ ಬಿಳಿ ಬಟ್ಟೆಯಡಿ ಒಂದು ಮಗು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಬೆಂಚಿನ ಮೇಲಿದ್ದವಳು ಎದ್ದು “ನಮಸ್ತೇ ಸರ್” ಎಂದಾಗ ಅವರ ಬಣ್ಣ ಇನ್ನಷ್ಟು ಇಳಿಯಿತು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ತರಿಸಿದರು.

“ಇದನ್ನು ತಂದವರು ಯಾರು?”

ನಾನು ಎದ್ದು ನಿಂತೆ. ಹೆದರಿಕೆಗಿಂತ ಹೆಚ್ಚಾಗಿ ಒಂದು ಸಮಾಧಾನ. ಕೊನೆಗೂ ಯಾರೋ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು. “ನಾನು ಸರ್. ಎಲ್ಲವೂ ನನ್ನದೇ.”

“ಓದಿ ತೋರಿಸಿದವರು?”

ಎಲ್ಲರ ಕಣ್ಣೂ ಅವಳ ಕಡೆ ತಿರುಗಿತು. ಅವಳು ಎದ್ದಳು. ಹೆಡ್ಮಾಸ್ತರರು ನನ್ನನ್ನು ಮರೆತೇಬಿಟ್ಟರು.

“ಸಾಯುವುದರಲ್ಲಿ ನಗ್ಲಿಕ್ಕೆ ಎಂತ ಉಂಟು? ಹೇಳು ನೋಡುವಾ.”

ಅವಳು ಪಾಠ ಒಪ್ಪಿಸುವಂತೆ ನಿಧಾನವಾಗಿ ಹೇಳಿದಳು: “ನನ್ನ ಅಮ್ಮ ಆಸ್ಪತ್ರೆಯಲ್ಲಿ ಇದ್ದಾರೆ ಸರ್. ನೋಡ್ಲಿಕ್ಕೆ ಬರುವವರೆಲ್ಲ ಮುಖ ಉದ್ದ ಮಾಡಿಕೊಂಡು ಬರ್ತಾರೆ. ಅಮ್ಮನಿಗೆ ಅವರನ್ನು ಸಮಾಧಾನ ಮಾಡಿಯೇ ಸಾಕಾಗ್ತದೆ. ಆದಿತ್ಯವಾರ ನಾನು ಈ ಪುಸ್ತಕ ಓದಿದೆ. ಅಮ್ಮ ನಕ್ಕರು. ಹೊಲಿಗೆ ಬಿಚ್ಚುತ್ತದೆ, ನಿಲ್ಲಿಸು ಅಂತ ಹೇಳಿದ್ರು. ನಿಲ್ಲಿಸಿದ್ರೆ, ಮುಂದೆ ಎಂತಾಯ್ತು ಹೇಳು ಅಂತ ಬೈದ್ರು.”

ನನ್ನ ಪಕ್ಕದವಳು ಅತ್ತಳು. ನನಗೆ ಅಳು ಬರಲಿಲ್ಲ. ನನಗೆ ಬಂದದ್ದು ಅದೇ ಹಳೆಯ ಉರಿ, ಈಗ ಎರಡರಷ್ಟಾಗಿ. ನನ್ನ ಅಮ್ಮ ನಾನು ಓದಿದ್ದಕ್ಕೆ ಒಂದು ಸಲವೂ ನಕ್ಕಿರಲಿಲ್ಲ. ‘ಮುಂದೆ ಎಂತಾಯ್ತು’ ಎಂದು ಕೇಳಿರಲಿಲ್ಲ. ಹಾಸಿಗೆ ಹಿಡಿದ ಅಮ್ಮನ ಮಗಳ ಮೇಲೆ ನಾನು ಅಸೂಯೆಪಟ್ಟೆ, ಅದೂ ಆ ಅಮ್ಮನ ಕಾರಣಕ್ಕಾಗಿಯೇ.

ಹೆಡ್ಮಾಸ್ತರರು ಕನ್ನಡಕ ತೆಗೆದು ಒರೆಸಿ, ಪುಸ್ತಕಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟರು. ಅವಳ ಕೈಗೆ! “ಶಾಲೆಯಲ್ಲಿ ಯಾರನ್ನೂ ಮಲಗಿಸುವುದು ಬೇಡ. ಓದಿ, ಅಡ್ಡಿಯಿಲ್ಲ,” ಎಂದರು. ಹೊರಗೆ ಬಂದ ಕೂಡಲೇ ಅವಳು ಕಟ್ಟನ್ನು ನನಗೆ ಚಾಚಿದಳು.

“ನಿನ್ನ ಪುಸ್ತಕ.”

“ನಿನ್ನ ಹತ್ರವೇ ಇಟ್ಕೋ,” ಎಂದೆ. ಒಳ್ಳೆಯತನದಿಂದ ಹೇಳಿದ್ದಲ್ಲ. ತಕ್ಷಣ ಇನ್ನೊಂದು ಮಾತನ್ನೂ ಸೇರಿಸಿದೆ: “ಬರುವ ಆದಿತ್ಯವಾರ ನಾನೂ ಬರ್ತೇನೆ.”

ಆ ಆದಿತ್ಯವಾರ ಅಪ್ಪ ನಮ್ಮಿಬ್ಬರನ್ನೂ ಉಡುಪಿಯ ಬಸ್ಸು ಹತ್ತಿಸಿದರು. ಮಾವ ಉಡುಪಿಯಲ್ಲಿ ಕಾದು ಮಣಿಪಾಲದ ಗುಡ್ಡಕ್ಕೆ ಕರೆದುಕೊಂಡು ಹೋದರು. ಮರಗಿಡವಿಲ್ಲದ ಬಿಸಿಲು ಗುಡ್ಡ, ಕೆಂಪು ಧೂಳು, ಹೊಸ ಸುಣ್ಣದ ವಾಸನೆಯ ಉದ್ದದ ವಾರ್ಡು. ಅವಳ ತಾಯಿ ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ತೆಳ್ಳಗೆ ಬಟ್ಟೆಯ ಹಾಗೆ ಆಗಿಹೋಗಿದ್ದರೂ ಕಣ್ಣು ಮಾತ್ರ ಚುರುಕು.

“ನೀನಾ ಪುಸ್ತಕದ ಹುಡುಗಿ?” ಎಂದು ನನ್ನ ಕೈ ಹಿಡಿದರು. “ನಿನ್ನಿಂದಾಗಿ ನನಗೆ ಡಾಕ್ಟರರ ಹತ್ರ ಬೈಸಿಕೊಳ್ಳಲಿಕ್ಕಾಯ್ತು.”

ನನಗೆ ಎಷ್ಟು ಖುಷಿಯಾಯಿತೆಂದರೆ, ಕೇಳದೆಯೇ ಪುಸ್ತಕ ಬಿಡಿಸಿ ಓದತೊಡಗಿದೆ. ಮನೆಯಲ್ಲಿ ಅಭ್ಯಾಸ ಮಾಡಿ ಬಂದಿದ್ದೆ. ದೂತನಿಗೆ ಮೂಗಿನ ಸ್ವರ, ಅಜ್ಜಿಗೆ ಎಲೆಅಡಿಕೆಯ ಸ್ವರ, ಎಲ್ಲವೂ ಅವಳದ್ದೇ ನಕಲು. ಅವರು ತಾಳ್ಮೆಯಿಂದ ಕೇಳಿದರು. ವಡೆ ಗಂಟಲಿಗೆ ಸಿಕ್ಕುವಲ್ಲಿ ಮುಗುಳ್ನಕ್ಕರು. ನಂತರ ಮಗಳ ಕಡೆ ನೋಡಿದರು. ಆ ನೋಟ ನನಗೆ ಅರ್ಥವಾಯಿತು. ಅವಳು ಪುಸ್ತಕ ತೆಗೆದುಕೊಂಡು ಅದೇ ಪುಟವನ್ನು ಓದಿದಳು, ಹೊಸದೇನನ್ನೂ ಮಾಡದೆ. ತಾಯಿ ಬೆಡ್‌ಶೀಟಿನ ಅಂಚನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಪಕ್ಕದ ಮಂಚದ ಹೆಂಗಸೂ ನಕ್ಕರು. ನಾನು ಕಿಟಕಿಯಿಂದ ಹೊರಗೆ ನೋಡುತ್ತ ನಿಂತೆ. ಬಸ್ಸಿನಲ್ಲಿ ಹಿಂತಿರುಗುವಾಗ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಮಾಡಿದಳು. ಹೆಗಲು ಸರಿಸಬೇಕೆನಿಸಿತು, ಸರಿಸಲಿಲ್ಲ.

ಅಜ್ಜಿಯ ಪುಸ್ತಕ ಬರೆಯುವವರಿಗೆ ಈ ವಿಷಯವನ್ನೆಲ್ಲ ಮಾವ ತಿಳಿಸಿದ್ದರು. ಅವರು ಕಾರ್ಕಳದವರು, ಯಾವುದೋ ದವಾಖಾನೆಯಲ್ಲಿ ಕಂಪೌಂಡರರಾಗಿದ್ದು ನಿವೃತ್ತರಾದವರು. ‘ಆ ಹುಡುಗಿಯನ್ನು ಕರೆದುಕೊಂಡು ಬನ್ನಿ’ ಎಂದು ಹೇಳಿಕಳಿಸಿದರು. ಯಾವ ಹುಡುಗಿ ಎಂದು ಸ್ಪಷ್ಟವಾಗಿ ಹೇಳದಿದ್ದುದರಿಂದ ಮಾವ ಇಬ್ಬರನ್ನೂ ಕರೆದೊಯ್ದರು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ಬೆಳ್ಮಣ್ಣು, ನಿಟ್ಟೆ ದಾಟಿ ಹೋಗುವಷ್ಟು ಹೊತ್ತೂ ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಅವರ ಮನೆ ಕಾರ್ಕಳದ ದೊಡ್ಡ ಬಂಡೆಯ ನೆರಳು ಬೀಳುವ ಕಡೆ ಇತ್ತು. ನಗಿಸುವ ಪುಸ್ತಕ ಬರೆದವರೆಂದರೆ ನಂಬಲಿಕ್ಕಾಗದಂಥ ಗಂಟುಮುಖ. ಜಗಲಿಯಲ್ಲಿ ಕೂರಿಸಿ, ಪೀಠಿಕೆಯಿಲ್ಲದೆ ಕೇಳಿದರು:

“ಓದಿ ಎಂತ ಅನಿಸಿತು?”

ನಾನು ಜೋಡಿಸಿದ್ದನ್ನು ಒಪ್ಪಿಸಿದೆ. “ತುಂಬಾ ನಗು ಬರ್ತದೆ. ತುಂಬಾ ನೀತಿಯೂ ಉಂಟು.”

“ನೀತಿಯಾ?” ಅವರು ಗಾಬರಿಯಾದಂತೆ ಕಂಡರು. “ಎಲ್ಲಿ ಉಂಟು? ತೋರಿಸು, ತೆಗೆದುಹಾಕುವಾ.”

ಮಾವ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಉದ್ಯಾವರದ ಹುಡುಗಿ ಅವಲಕ್ಕಿಯ ಬಟ್ಟಲನ್ನು ಕೆಳಗಿಟ್ಟು, “ಏಳನೆಯದರಲ್ಲಿ ನೀವು ಮೋಸ ಮಾಡಿದ್ದೀರಿ,” ಎಂದಳು. “ಆ ಶಾನುಭೋಗರು ಸಾಯುವಾಗ ಹತ್ರ ಯಾರೂ ಇಲ್ಲ. ಅಜ್ಜಿಯೂ ಇಲ್ಲ. ಅಲ್ಲಿ ನಗ್ಲಿಕ್ಕೆ ಎಂತದೂ ಇಲ್ಲ.”

ಮುದುಕರು ಅವಳನ್ನೇ ನೋಡಿದರು. “ಹೌದು,” ಎಂದರು. “ಬರೆಯುವಾಗ ನನಗೂ ನಗು ಬಂದಿರ್ಲಿಲ್ಲ. ಯಾರೂ ಹೇಳಿರ್ಲಿಲ್ಲ ಅಷ್ಟೇ.” ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. “ಎಂಟನೆಯದು ಬರೀತಾ ಇದ್ದೇನೆ. ಅದರಲ್ಲಿ ಯಾರು ಸಾಯಬೇಕು?”

“ಅಜ್ಜಿ,” ಎಂದಳು ಅವಳು. “ಅಮ್ಮನೂ ಹಾಗೇ ಹೇಳಿದ್ರು. ಇಷ್ಟು ಜನರನ್ನು ಕಳಿಸಿ ಅಜ್ಜಿಯನ್ನು ಮಾತ್ರ ಉಳಿಸಿದ್ರೆ, ಬರೆಯುವವರಿಗೆ ಹೆದರಿಕೆ ಉಂಟು ಅಂತ ಅರ್ಥ ಅಂತೆ.”

“ಬೇಡ!” ನಾನು ಎದ್ದೇ ನಿಂತಿದ್ದೆ. “ಅಜ್ಜಿಯನ್ನು ಸಾಯಿಸಬಾರ್ದು. ಅಜ್ಜಿಯನ್ನು ಮೊದಲು ಓದಿದವಳು ನಾನು. ಇವಳಲ್ಲ.”

ಅವರು ಆಗ ನನ್ನ ಕಡೆ ತಿರುಗಿದರು. “ನಿನಗಿಂತ ಮೊದಲು ನಾನು ಓದಿದ್ದೆ ಮಗಾ,” ಎಂದರು, ಮೆಲ್ಲಗೆ. ಅಷ್ಟೇ. ಹೊರಡುವಾಗ ಅವಳ ತಲೆಯ ಮೇಲೆ ಕೈಯಿಟ್ಟರು. ನನ್ನ ತಲೆಯ ಮೇಲೂ ಇಟ್ಟರು, ಆದರೆ ಅದು ಎರಡನೆಯದು.

ಮಳೆಗಾಲ ಶುರುವಾಗುವ ಹೊತ್ತಿಗೆ ಅವಳ ತಾಯಿ ತೀರಿಕೊಂಡರು. ಅಪ್ಪನ ಜೊತೆ ನಾನೂ ಉದ್ಯಾವರದ ಇಗರ್ಜಿಯ ಸ್ಮಶಾನಕ್ಕೆ ಹೋದೆ. ಅವಳು ಮುಂದಿನ ಸಾಲಿನಲ್ಲಿ ಕಪ್ಪು ಲಂಗ ಹಾಕಿ ನಿಂತಿದ್ದಳು. ಕೈಯಲ್ಲಿ ಚಿಕ್ಕಮ್ಮನ ಮನೆಯ ಮಲ್ಲಿಗೆ. ಆಸ್ಪತ್ರೆಗೆ ಒಂದು ಸಲವೂ ಬಾರದ ದೂರದ ಸಂಬಂಧಿಕರೊಬ್ಬರು ಎಲ್ಲರಿಗಿಂತ ಗಟ್ಟಿಯಾಗಿ ಅಳುತ್ತ, ಸತ್ತವರ ಗುಣಗಳನ್ನು ಒಂದೊಂದಾಗಿ ಕೊಂಕಣಿಯಲ್ಲಿ ಹೊಗಳುತ್ತಿದ್ದರು. ನನಗೆ ಅರ್ಧ ಅರ್ಥವಾಗುತ್ತಿತ್ತು. ಇದ್ದಕ್ಕಿದ್ದಂತೆ ಅವರಿಗೆ ಬಿಕ್ಕಳಿಕೆ ಹಿಡಿಯಿತು. ಒಂದು ಹೊಗಳಿಕೆ, ಒಂದು ಬಿಕ್ಕಳಿಕೆ. ನಿಲ್ಲಿಸುವುದಂತೂ ಇಲ್ಲ. ಯಾರೋ ನೀರು ತರಲು ಓಡಿದರು.

ಆಗ ಅವಳು ತಿರುಗಿದಳು. ಚಿಕ್ಕಮ್ಮನನ್ನು ನೋಡಲಿಲ್ಲ, ಬೊಂಬಾಯಿಯಿಂದ ಬಂದಿದ್ದ ತಂದೆಯನ್ನೂ ನೋಡಲಿಲ್ಲ. ಹಿಂದೆ, ಗಂಡಸರ ಕೊಡೆಗಳ ನಡುವೆ ನಿಂತಿದ್ದ ನನ್ನನ್ನು ಹುಡುಕಿ ನೋಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತುಟಿ ನಗು ತಡೆಯಲಾಗದೆ ನಡುಗುತ್ತಿತ್ತು. ನಾನು ಅಪ್ಪನ ಅಂಗಿಯಲ್ಲಿ ಮುಖ ಹುದುಗಿಸಿದೆ. ನಾನು ಅಳುತ್ತಿದ್ದೇನೆಂದುಕೊಂಡು ಅಪ್ಪ ಬೆನ್ನು ತಟ್ಟಿದರು. ಅಲ್ಲಿ ಅಷ್ಟು ಜನರಿದ್ದರು, ಅವಳು ಹುಡುಕಿದ್ದು ನನ್ನನ್ನು. ಆ ಒಂದು ಗಳಿಗೆ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ.

ಹೆಚ್ಚು ದಿನ ಉಳಿಯಲಿಲ್ಲ ಅದು. ತಂದೆ ಅವಳನ್ನು ಬೊಂಬಾಯಿಗೆ ಕರೆದೊಯ್ಯುವುದೆಂದು ಗೊತ್ತಾಯಿತು. ಬೊಂಬಾಯಿ! ಟ್ರಾಮು, ಸಮುದ್ರದ ಪಕ್ಕದ ದೀಪಗಳು, ಪುಸ್ತಕದಂಗಡಿಗಳು. ನಾನು ಮಣಿಪಾಲ, ಕಾರ್ಕಳಗಳಿಂದಾಚೆ ಏನೂ ಕಂಡವಳಲ್ಲ. ಅವಳು ಹೊರಡುವ ಮೊದಲು ಎಂಟನೆಯ ಪುಸ್ತಕ ಬಂತು. ಈ ಸಲ ಕೆಟ್ಟ ಪ್ರತಿಯಲ್ಲ, ಶಾಯಿ ಒಣಗಿದ ಒಳ್ಳೆಯ ಪ್ರತಿ. ಇಬ್ಬರಿಗೂ ಸೇರಿ ಒಂದೇ.

ಶಾಲೆಯ ಜಗಲಿಯಲ್ಲಿ ಕೂತು ಓದಿದೆವು. ಅಜ್ಜಿ ಸಾಯುತ್ತಾಳೆ. ದೂತ ಈಗ ಕೆಲಸ ಕಲಿತಿದ್ದಾನೆ, ದಾರಿ ತಪ್ಪುವುದಿಲ್ಲ, ಸರಿಯಾದ ಗಳಿಗೆಗೆ ಬರುತ್ತಾನೆ. ಬಂದು ಬಾಗಿಲಲ್ಲಿ ನಿಂತು ಅಳತೊಡಗುತ್ತಾನೆ. ಅಜ್ಜಿಯೇ ಅವನ ಮೂಗು ಒರೆಸಿ, ಕೋಣನ ಮೇಲೆ ಅವನನ್ನು ಹಿಂದೆ ಕೂರಿಸಿ, ಹಗ್ಗ ತಾನು ಹಿಡಿದುಕೊಳ್ಳುತ್ತಾಳೆ. ಅಲ್ಲಿಯವರೆಗೆ ಓದಿದ ಅವಳು ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದಳು.

“ಕೊನೆಯ ಪುಟ ನೀನು ಓದು.”

ನಾನು ಯಾವ ಸ್ವರವನ್ನೂ ಹಾಕದೆ ಓದಿದೆ. ಅವಳು ನಕ್ಕಳು, ಮೊದಲು ಸಣ್ಣಗೆ, ಆಮೇಲೆ ಕಂಬಕ್ಕೆ ತಲೆ ಆನಿಸಿ ಜೋರಾಗಿ. ಪುಸ್ತಕ ಯಾರಿಗೆ ಎಂದು ನಾವಿಬ್ಬರೂ ಮಾತಾಡಲಿಲ್ಲ. ಅವಳು ತೆಗೆದುಕೊಂಡು ಹೋದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು, ಮಾವ ಮತ್ತೊಂದು ಪ್ರತಿ ತಂದುಕೊಡುವವರೆಗೆ.

ಅರವತ್ತರ ದಶಕ ಮುಗಿಯುತ್ತಿದ್ದಾಗ ಟ್ರೈನಿಂಗ್ ಮುಗಿಸಿ ನಾನು ನಿಟ್ಟೆಯ ಕಡೆಯ ಒಂದು ಶಾಲೆಗೆ ಟೀಚರಾಗಿ ಹೋದೆ. ಕಾರ್ಕಳದ ಮುದುಕರು ಆಗ ಇರಲಿಲ್ಲ. ಪುಸ್ತಕಗಳೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನನ್ನ ಕಲೆಬಿದ್ದ ಪ್ರತಿಗಳನ್ನು ಶಾಲೆಯ ಕಪಾಟಿನಲ್ಲಿಟ್ಟು, ಏನು ಓದಲಿ ಎಂದು ಕೇಳಿದ ಮಕ್ಕಳಿಗೆ ಕೊಡುತ್ತಿದ್ದೆ. ಅಕ್ಷರ ತಡವರಿಸುತ್ತಿದ್ದ ಒಬ್ಬ ಹುಡುಗಿ ಒಂದು ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ಕೂತು, ಪುಸ್ತಕಕ್ಕೆ ಮೂಗು ತಾಗಿಸಿ, ಹೆಗಲು ಕುಣಿಸುತ್ತ ನಗುತ್ತಿದ್ದಳು. ಯಾವ ಪುಟ ಎಂದು ನೋಡಲು ಹತ್ತಿರ ಹೋದೆ. ಅವಳು ಎರಡೂ ಕೈಯಿಂದ ಪುಟ ಮುಚ್ಚಿಕೊಂಡಳು.

“ಟೀಚರ್, ನಿಮಗೆ ಗೊತ್ತುಂಟಾ ಯಾರು ಸಾಯುವುದು ಅಂತ?”

“ಗೊತ್ತುಂಟು.”

“ಹಾಗಾದ್ರೆ ಆ ಕಡೆ ಹೋಗಿ. ನಿಮ್ಮ ಮುಖ ನೋಡಿದ್ರೆ ನಂಗೂ ಗೊತ್ತಾಗ್ತದೆ.”

ನಾನು ಕರಿಹಲಗೆಯ ಹತ್ತಿರ ಹೋಗಿ ಅವಳಿಗೆ ಬೆನ್ನು ಹಾಕಿ ನಿಂತೆ. ಆ ಪುಟ ನನಗೆ ಬಾಯಿಪಾಠ. ಅವಳಿಗೆ ಅದು ಇನ್ನೂ ಗೊತ್ತಿರಲಿಲ್ಲ, ಮೊದಲ ಸಲ ಓದುವ ಸುಖ ಈಗ ಅವಳದ್ದು. ಹಿಂದಿನಿಂದ ಪುಟ ಮಗುಚಿದ ಸದ್ದು ಬಂತು, ಆಮೇಲೆ ಅವಳ ನಗು. ಸೀಮೆಸುಣ್ಣವನ್ನು ಎಷ್ಟು ಗಟ್ಟಿಯಾಗಿ ಒತ್ತಿದೆನೆಂದರೆ ಅದು ಕೈಯಲ್ಲೇ ಮುರಿಯಿತು.